ಮೇಲಿನವರು, ಕೆಳಗಿನವರು, ನಡುವಿನ ನಾವು

ತಾಯಿ ಕೃಷ್ಣೆ, ಉಡಿ ತುಂಬಲು ಬಂದಾಗ ಸೀರೆ, ಕುಪ್ಪಸ, ತೆಂಗಿನಕಾಯಿಯ ಜೊತೆಗೆ ಒಂದು ಬೇಡಿಕೆಯನ್ನೂ ತರುವುದು ನಮ್ಮ ರೂಢಿ. ಬಾ ಎಂದು ಬೇಡಿದ್ದೇವೆ, ಸಾಕು ನಿಲ್ಲು ಎಂದೂ ಬೇಡಿದ್ದೇವೆ. ಎರಡನ್ನೂ ಒಂದೇ ವರ್ಷದಲ್ಲಿ ಬೇಡಿದವರು ನಾವು. 2019ರ ಮೇ ತಿಂಗಳಲ್ಲಿ ನಿನ್ನ ಪಾತ್ರ ಬತ್ತಿತ್ತು. ಕುಡಿಯುವಷ್ಟಾದರೂ ನೀರನ್ನು ಕೊಯ್ನಾದಿಂದ ಬಿಡಿ ಎಂದು ನಮ್ಮ ಸರ್ಕಾರ ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಆಗಸ್ಟಿನಲ್ಲಿ ಅದೇ ಕೊಯ್ನಾದ ಬಾಗಿಲು ಮುಚ್ಚಿದರೆ ಸಾಕಪ್ಪಾ ಎಂದು ಅದೇ ಬಾಯಲ್ಲಿ ಅಂದೆವು. ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರು ಕಡೆ ನೀನು ಊರೊಳಗೇ ಬಂದೆ. ಕುಡಚಿ ಸೇತುವೆ ಕಾಣದಾಯಿತು. ಜನ ದನಕರು ಹೊಡೆದುಕೊಂಡು ಕಾಳಜಿ ಕೇಂದ್ರಗಳಿಗೆ ನಡೆದರು.

ಇವತ್ತು ಮಳೆ ಕೇಳಲು ಬಂದಿಲ್ಲ. ನಮ್ಮ ಜಗಳಗಳನ್ನು ನಿನ್ನ ಮುಂದಿಡಲು ಬಂದಿದ್ದೇನೆ.

ಮಹಾಪೂರ ಬಂದಾಗಲೆಲ್ಲ ಸಾಂಗಲಿಯವರು ಆಲಮಟ್ಟಿಯ ಕಡೆ ಬೆರಳು ತೋರಿಸುತ್ತಾರೆ. ಹಿನ್ನೀರು ಒತ್ತಿ ಹೊಳೆ ಮುಂದಕ್ಕೆ ಹೋಗುತ್ತಿಲ್ಲ ಎನ್ನುತ್ತಾರೆ. ನಾವು ಮೇಲೆ ಬೆರಳು ತೋರಿಸುತ್ತೇವೆ: ಜಲಾಶಯ ತುಂಬುವ ತನಕ ಸುಮ್ಮನಿದ್ದು, ತುಂಬಿದ ಮೇಲೆ ಒಮ್ಮೆಲೇ ಬಿಟ್ಟರು ಎನ್ನುತ್ತೇವೆ. ಮಹಾರಾಷ್ಟ್ರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ 2020ರಲ್ಲಿ ವರದಿ ಕೊಟ್ಟು, 2019ರ ಮಹಾಪೂರಕ್ಕೆ ಆಲಮಟ್ಟಿ ಕಾರಣವೆಂಬುದನ್ನು ಒಪ್ಪಲಿಲ್ಲ. ಜಗಳವೇನೂ ತಗ್ಗಲಿಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲೇ ಒಪ್ಪಿತ್ತು. 2011ರ ಸುಪ್ರೀಂ ಕೋರ್ಟ್ ಆದೇಶದಿಂದ ಆ ತೀರ್ಪು ಗೆಜೆಟ್ ಸೇರದೆ ಉಳಿಯಿತು. 2025ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎತ್ತರ ಬೇಡವೆಂದು ಪತ್ರ ಬರೆದರು. ವಿಜಯಪುರದ ರೈತನಿಗೆ ಆ ಎತ್ತರವೆಂದರೆ ನೀರು, ಬಾಗಲಕೋಟೆಯಲ್ಲಿ ಮುಳುಗುವ ಹೊಲದವನಿಗೆ ಊರು ಬಿಡುವ ಮಾತು, ಸಾಂಗಲಿಯವರಿಗೆ ಭಯ. ನಡುವಿನ ಶಿರಗುಪ್ಪಿಯವರಾದ ನಾವು ಎಲ್ಲಿ ನಿಲ್ಲೋಣ? ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟದ್ದು ಆ ಕಡೆಯ ಊರುಗಳಿಗೆ, ಜಡ್ಡಾದರೆ ನಾವು ಓಡುವುದು ಮಿರಜಿನ ದವಾಖಾನೆಗೆ, ಮತ ಹಾಕುವುದು ಬೆಂಗಳೂರಿನ ಸರ್ಕಾರಕ್ಕೆ. ಕೊಯ್ನಾದ ಮುಂದೆ ನಾವು ಕೆಳಗಿನವರು, ಆಲಮಟ್ಟಿಯ ಮುಂದೆ ಮೇಲಿನವರು.

ಈ ಇಡೀ ವಾದದಲ್ಲಿ ಆಕಾಶದ ಹೆಸರು ಮಾತ್ರ ಅಪರೂಪ, ತಾಯಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ಆವಿ ಹಿಡಿದಿಟ್ಟುಕೊಳ್ಳುತ್ತದೆ. ಅರಬ್ಬಿ ಸಮುದ್ರ ಕಾಯುತ್ತಿದೆ. ಆ ಆವಿ ಬಂದು ತಾಗುವುದು ನೀನು ಹುಟ್ಟಿದ ಮಹಾಬಳೇಶ್ವರದ ಘಟ್ಟಕ್ಕೇ. ಪುಣೆಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಸಂಗಡಿಗರು 2017ರಲ್ಲಿ ಲೆಕ್ಕ ತೆಗೆದರು: 1950ರಿಂದ 2015ರ ನಡುವೆ, ಮಹಾರಾಷ್ಟ್ರವೂ ಸೇರಿದ ಮಧ್ಯಭಾರತದ ಪಟ್ಟಿಯಲ್ಲಿ ವಿಪರೀತ ಮಳೆಯ ಪ್ರಸಂಗಗಳು ಮೂರು ಪಟ್ಟಾದವು, ಮುಂಗಾರಿನ ಒಟ್ಟು ಮಳೆ ಮಾತ್ರ ಕಡಿಮೆಯಾಯಿತು. ಮಹಾಪೂರವೂ ಬರವೂ ಒಂದೇ ವರ್ಷದಲ್ಲಿ ಹೇಗೆ ಎಂಬ ನಮ್ಮ ಕಟ್ಟೆಯ ಪ್ರಶ್ನೆಗೆ ಉತ್ತರ ಇದರಲ್ಲಿದೆ.

ಜಲಾಶಯದ ಬಾಗಿಲ ಬಳಿ ಕುಳಿತ ಎಂಜಿನಿಯರನ ಕಷ್ಟವೂ ಇದರಲ್ಲೇ ಇದೆ. ಮುಂದಿನ ಮಳೆಗೆ ಜಾಗ ಇರಲೆಂದು ಜುಲೈನಲ್ಲಿ ಕೊಯ್ನಾ ಖಾಲಿ ಮಾಡಿದರೆ, ಸೆಪ್ಟೆಂಬರ್ ಕೈಕೊಟ್ಟಾಗ ಬೇಸಿಗೆಗೆ ನೀರಿಲ್ಲ. ನೂರೈದು ಟಿಎಂಸಿ ತುಂಬಿಸಿಕೊಂಡು ಕುಳಿತರೆ, ಆಗಸ್ಟಿನ ಒಂದೇ ವಾರದ ಸುರಿತಕ್ಕೆ ಬಾಗಿಲು ಎತ್ತದೆ ಗತಿಯಿಲ್ಲ. ಖಾಲಿಯೂ ಇರಬೇಕು, ತುಂಬಿಯೂ ಇರಬೇಕು. ಆತ ಹಳೆಯ ಕಾಲದ ಮಳೆಗೆ ಬರೆದ ವೇಳಾಪಟ್ಟಿ ಹಿಡಿದು ಹೊಸ ಕಾಲದ ಮೋಡ ನೋಡುತ್ತಿದ್ದಾನೆ. ಅವನನ್ನು ಬೈಯುವ ಮೊದಲು ಆ ಪಟ್ಟಿಯನ್ನು ಬದಲಿಸಿ ಎಂದು ಎರಡೂ ರಾಜ್ಯದವರು ಕೂಡಿ ಕೇಳುವ ಬುದ್ಧಿ ಕೊಡು.

ಇನ್ನು ನಮಗಿಂತ ಬಹಳ ಮೇಲಿನವರ ಮಾತು. 1992ರಲ್ಲಿ ರಿಯೋದಲ್ಲಿ ಕೂತರು, 2015ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೂವರೆ ಡಿಗ್ರಿಯ ಗೆರೆ ಎಳೆದರು. 2024 ಆ ಗೆರೆಯನ್ನು ದಾಟಿದ ಮೊದಲ ವರ್ಷವಾಯಿತು, ಜಾಗತಿಕ ಹವಾಮಾನ ಸಂಸ್ಥೆಯ ಲೆಕ್ಕಕ್ಕೆ 1.55 ಡಿಗ್ರಿ. ಕಲ್ಲಿದ್ದಲು, ಎಣ್ಣೆ ಸುಟ್ಟು ಸಿರಿವಂತರಾದ ದೇಶಗಳು ಹಾನಿ ತುಂಬಿಕೊಡುವ ನಿಧಿಗೆ ಹೂಂ ಅಂದದ್ದು 2022ರಲ್ಲಿ. ಕೊಯ್ನಾದವರಿಗೆ ನಾವು ಏನು ಹೇಳುತ್ತೇವೋ ಬಡದೇಶಗಳು ಆ ಸಿರಿವಂತರಿಗೆ ಅದನ್ನೇ ಹೇಳುತ್ತಿವೆ: ನೀವು ಬಿಟ್ಟಿದ್ದು ನಮ್ಮ ಮನೆಯೊಳಗೆ ಬಂತು. ಈ ಮಾತಿನಲ್ಲಿ ನಮ್ಮ ದನಿ ತಗ್ಗದಿರಲಿ. ಮಂಗಾವತಿಯಲ್ಲಿ ಗೋಡೆ ಕುಸಿದ ಮುದುಕಿ ಗಾಳಿಯನ್ನು ಕಾಯಿಸಿದವಳಲ್ಲ.

ಆದರೆ ಎಲ್ಲವನ್ನೂ ಮೇಲಿನವರ ಲೆಕ್ಕಕ್ಕೇ ಬರೆಯುವ ಹಾಗಿಲ್ಲ. ನಿನ್ನ ಎರಡೂ ದಂಡೆಗೆ ಕಬ್ಬು. ಉಗಾರದಲ್ಲಿ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಆಮೇಲೆ ಕಾರ್ಖಾನೆಯ ಮೇಲೆ ಕಾರ್ಖಾನೆ. ವರ್ಷಪೂರ್ತಿ ನಿಂತು ನೀರು ಕುಡಿಯುವ ಬೆಳೆಗೆ ನಾವು ಹರಿಬಿಟ್ಟು ನೀರು ಹಾಯಿಸಿದೆವು. ಕರಿ ಎರೆಯಲ್ಲಿ ಆ ನೀರು ಇಳಿಯದೆ ನಿಂತು, ಉಪ್ಪು ಮೇಲೆ ಬಂದು, ಒಳ್ಳೊಳ್ಳೆಯ ಹೊಲ ಸವಳು-ಜವಳಾಯಿತು. ಬೆಳೆಯ ಹಂಗಿಲ್ಲದೆ ಬಿಳಿಚಿಕೊಂಡು ಬಿದ್ದ ಎಕರೆಗಳು ನಮ್ಮಲ್ಲೇ ಇವೆ. ಕಟಾವಾದ ಮೇಲೆ ರವದಿಗೆ ಬೆಂಕಿ ಇಟ್ಟೆವು. ಈಗ ಕಬ್ಬಿನಿಂದ ಎಥನಾಲ್ ಬರುತ್ತದೆ, ಪೆಟ್ರೋಲಿಗೆ ಶೇ. 20 ಬೆರೆಯುತ್ತದೆ, ಇದು ಹಸಿರು ಇಂಧನ ಎಂದು ಹೊಗಳುತ್ತಾರೆ. ಹೊಗೆಯ ಲೆಕ್ಕವಷ್ಟೇ ಅದು. ಆ ಹಸಿರಿಗೆ ನಿನ್ನಿಂದ ಎತ್ತಿದ ನೀರನ್ನು ಯಾರ ಖಾತೆಗೆ ಬರೆಯೋಣ?

ಕಬ್ಬು ಬಿಡಿ ಎಂದು ಊರ ಹೊರಗಿನ ಪಂಡಿತರು ಹೇಳಿದಾಗ ನನಗೆ ಸಿಟ್ಟು ಬರುತ್ತದೆ, ಇದನ್ನೂ ಹೇಳಿಯೇ ಬಿಡುತ್ತೇನೆ. ಮಹಾಪೂರದಲ್ಲಿ ಸೋಯಾ ಎರಡು ದಿನ ತಾಳದು. ಕಬ್ಬು ಸುಳಿ ಮುಳುಗದಿದ್ದರೆ ಬದುಕಿಕೊಳ್ಳುತ್ತದೆ. ಕೊಳ್ಳುವವರು ಖಾತ್ರಿ ಇರುವ ಬೆಳೆ ಅದೊಂದೇ. ಆ ಖಾತ್ರಿಯೂ ಎಂಥದು? 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಗುರ್ಲಾಪುರದಲ್ಲಿ ರಸ್ತೆಗೆ ಕುಳಿತರು. ಕೊನೆಗೆ 3,300ಕ್ಕೆ ಮಾತು ಮುಗಿಯಿತು. ಕಬ್ಬಿಗೆ ಸಿಗುವ ಖಾತ್ರಿಯಲ್ಲಿ ಅರ್ಧ ಜೋಳಕ್ಕೋ ಕಡಲೆಗೋ ಸಿಕ್ಕರೆ ನಾವೇ ಬದಲಾಗುತ್ತೇವೆ, ಉಪದೇಶ ಬೇಕಾಗಿಲ್ಲ.

ದಂಡೆಯ ಊರುಗಳನ್ನು ಎತ್ತರಕ್ಕೆ ಸಾಗಿಸಬೇಕೋ, ತಡೆಗೋಡೆ ಕಟ್ಟಬೇಕೋ ಎಂಬ ವಾದವೂ ಮುಗಿದಿಲ್ಲ. ಹೊಲ ಇಲ್ಲಿ, ಮನೆ ಅಲ್ಲಿ ಎಂದರೆ ಎಮ್ಮೆ ಕಟ್ಟುವುದೆಲ್ಲಿ ಎಂಬ ಹೆಂಗಸರ ಪ್ರಶ್ನೆಗೆ ಉತ್ತರ ಕೊಡದೆ ಯಾವ ನಕ್ಷೆಯೂ ನಡೆಯದು. ಹೋಗುತ್ತೇನೆನ್ನುವವರಿಗೆ ನೀರು ಇಳಿಯುವ ಮೊದಲೇ ಜಾಗ ಸಿಗಲಿ. ಇರುತ್ತೇನೆನ್ನುವವರನ್ನು ಮೂರ್ಖರೆಂದು ಯಾರೂ ಕರೆಯದಿರಲಿ.

ತಾಯಿ, ನಾನು ಕೇಳುವುದು ಇಷ್ಟು. ಕೊಯ್ನಾ, ವಾರಣಾ, ರಾಧಾನಗರಿಯಿಂದ ಎಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಹಾಯ್ದಿತು, ಆಲಮಟ್ಟಿ ಎಷ್ಟು ಹೊರಬಿಟ್ಟಿತು ಎಂಬ ಲೆಕ್ಕ ಜುಗೂಳದ ದನಗಾಹಿಯ ಮೊಬೈಲಿಗೆ, ಅವನ ಭಾಷೆಯಲ್ಲಿ, ನೀನು ಬರುವ ಮೊದಲು ಬರಲಿ. ಇನ್ನೊಂದು, ಮುಂದಿನ ಮದುವೆಮನೆಯಲ್ಲಿ ಸಾಂಗಲಿಯ ಬೀಗರು ಆಲಮಟ್ಟಿ ಎಂದು ಶುರು ಮಾಡಿದಾಗ ನಾವು ಕೊಯ್ನಾ ಎಂದು ತಿರುಗಿ ಹೇಳದಿರುವಂತೆ ನೋಡಿಕೋ. ಬಾವಾ, ನಿಮ್ಮ ಕಡೆ ಕಬ್ಬು ಎಷ್ಟು ಎಕರೆ, ಹನಿ ಪೈಪು ಎಷ್ಟು ಎಕರೆಗೆ ಎಂದು ನಾವು ಕೇಳಬೇಕು. ಅವರು ಅದನ್ನೇ ನಮಗೆ ಕೇಳಿದರೆ ಊಟದ ಪಂಕ್ತಿಯಿಂದ ಏಳದೆ ಉತ್ತರ ಹೇಳಬೇಕು.