ಹರಕೆಯಿಲ್ಲದ ನಡಿಗೆ

ಚನ್ನಗಿರಿ ತಾಲ್ಲೂಕಿನ ನಮ್ಮ ಸೂಳೆಕೆರೆಗೆ ಎರಡು ಗುಡ್ಡಗಳ ನಡುವೆ ಪುಟ್ಟ ಏರಿ. ನೀರು ಮಾತ್ರ ಸುಮಾರು 6,500 ಎಕರೆ. ಒಂದೇ ದಿನದಲ್ಲಿ ಅದನ್ನು ಸುತ್ತಬೇಕೆಂದು ಬೆಂಗಳೂರಲ್ಲಿ ಅಭ್ಯಾಸ ಶುರು ಮಾಡಿದೀನಿ: ವಾರಕ್ಕೆರಡು ಕಿಲೋಮೀಟರ್ ಏರಿಸುತ್ತ, ಪಳಗಿದ ಹಳೇ ಶೂನಲ್ಲೇ, ಹೊಸದು ಬೊಬ್ಬೆ ಎಬ್ಬಿಸುತ್ತೆ. “ಯಾವ ದೇವ್ರಿಗೆ ಹರಕೆ ಹೊತ್ತೀಯಪ್ಪಾ?” ಅಂದ್ರು ಅಪ್ಪ. ಇಲ್ಲ ಅಂದೆ. “ಮತ್ಯಾಕೆ?” ಸಂತೆಗೂ ನಡೆದೇ ಹೋಗುತ್ತಿದ್ದವರಿಗೆ ಏನು ಹೇಳಲಿ?

ಹರಕೆ ಹೊತ್ತವನು ಅರ್ಧಕ್ಕೆ ನಿಂತರೆ ದೇವರಿಗೆ ಬಾಕಿ. ನಾನು ನಿಂತರೆ ಯಾರಿಗೂ ಬಾಕಿಯಿಲ್ಲ. ಹೋದ ಭಾನುವಾರ 22ನೇ ಕಿಲೋಮೀಟರಿನಲ್ಲಿ ಮಂಡಿ ಹಿಡಿದುಕೊಂಡಿತು, ಆಟೋ ಹತ್ತಿದೆ. ಅದು ಸರಿಯೇ, ಮಂಡಿ ಕೆಡಿಸಿಕೊಳ್ಳೋದು ಶೌರ್ಯವಲ್ಲ. ಆದರೆ ರಾತ್ರಿ ಫೋನಲ್ಲಿ ಅಪ್ಪನಿಗೆ “30 ಕಿಲೋಮೀಟರೂ ಮುಗಿಸಿದೆ” ಅಂದೆ. ಬಾಕಿಯೇ ಇಲ್ಲದವನು ಸುಳ್ಳು ಲೆಕ್ಕ ಯಾಕೆ ಒಪ್ಪಿಸಿದ? ಮುಂದಿನ ಭಾನುವಾರ ಹೊರಡುವ ಮುಂಚೆ ಅವರಿಗೆ ಫೋನ್ ಮಾಡಬೇಕು.