ಒಮ್ಮೆ ‘ಬಾ’ ಅಂದಮೇಲೆ

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಕಾದಂಬರಿಯಲ್ಲಿ ರಕ್ತಪಿಶಾಚಿಗೂ ಒಂದು ನಿಯಮ ಇದೆ: ಮನೆಯೊಳಗಿನವರು ಯಾರಾದರೂ ಕರೆಯದೆ ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಕರೆದರೆ ಮುಗೀತು, ಆಮೇಲೆ ಬೇಕಾದಾಗೆಲ್ಲ ಬರಬಹುದು.

ಇಂಗ್ಲೆಂಡಿನ ಕಾನೂನು ಹಾಗಲ್ಲ. ಅತಿಥಿಗಿರೋದು ಬರೀ ಅನುಮತಿ. ‘ಹೊರಡಪ್ಪಾ’ ಅಂದಮೇಲೆ ಎದ್ದು ಹೋಗುವಷ್ಟು ಸಮಯ ಕೊಡಬೇಕು. ಆಮೇಲೂ ಕೂತಿದ್ದರೆ ಅದು ಅತಿಕ್ರಮಣ.

ಕಾದಂಬರಿಯ ರೆನ್‌ಫೀಲ್ಡ್ ಮಾನಸಿಕ ಆಸ್ಪತ್ರೆಯ ರೋಗಿ. ಡ್ರಾಕುಲಾನನ್ನು ಅಲ್ಲಿಗೆ ಕರೆದವನು ಅವನೇ. ಒಳಗಿದ್ದ ಮಿನಾಳ ರಕ್ತ ಹೀರುತ್ತಿದ್ದಾನೆ ಅಂತ ಗೊತ್ತಾದಾಗ ಅಡ್ಡ ನಿಂತ, ಪ್ರಾಣ ಬಿಟ್ಟ. ಅವನ ‘ಬೇಡ’ಕ್ಕೆ ಪಿಶಾಚಿಯ ನಿಯಮದಲ್ಲಿ ಜಾಗವೇ ಇರಲಿಲ್ಲ.

ನನ್ನ ಪ್ರಕಾರ ವಾಪಸ್ ತಗೊಳ್ಳಲಾಗದ್ದನ್ನು ಒಪ್ಪಿಗೆ ಅನ್ನಬಾರದು. ‘ಅವತ್ತು ನೀನೇ ಹೂಂ ಅಂದಿದ್ದೆಯಲ್ಲ’ ಅಂತ ವಾದಿಸುವವರು ಯಾವ ನಿಯಮದ ಕಡೆಯವರು, ನೀವೇ ಹೇಳಿ.