ಪ್ರಾರ್ಥನೆಗೆ ಹೊರಟವರ ಪಿಸ್ತೂಲು

2015ರ ಡಿಸೆಂಬರ್ 4. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ 14 ಮಂದಿ ಗುಂಡಿಗೆ ಬಲಿಯಾಗಿ ಎರಡೇ ದಿನವಾಗಿತ್ತು. ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿರುವ ಕ್ರೈಸ್ತ ವಿದ್ಯಾಸಂಸ್ಥೆ ಲಿಬರ್ಟಿ ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷ ಜೆರ್ರಿ ಫಾಲ್ವೆಲ್ ಜೂನಿಯರ್, ತುಂಬಿದ ಸಭೆಯ ಮುಂದೆ ನಿಂತು ತಮ್ಮ ಹಿಂಜೇಬಿನಲ್ಲೇ ಪಿಸ್ತೂಲು ಇರುವುದನ್ನು ಸೂಚಿಸಿದರು. ವಿದ್ಯಾರ್ಥಿಗಳೂ ಬಟ್ಟೆಯ ಮರೆಯಲ್ಲಿ ಆಯುಧ ಒಯ್ಯುವ ಪರವಾನಗಿ ಪಡೆಯಬೇಕೆಂದು ಕರೆಕೊಟ್ಟರು. ಅದೇ ತಿಂಗಳು ಮಿನಿಯಾಪೊಲಿಸ್‌ನ ಹೆಸರಾಂತ ಬೋಧಕ ಜಾನ್ ಪೈಪರ್ ಇದಕ್ಕೆ ಎದುರಾಗಿ ದೀರ್ಘ ಲೇಖನ ಬರೆದರು. ಕೊಲ್ಲುವ ಸಿದ್ಧತೆಯು ಕೆಡುಕಿಗೆ ಒಳಿತನ್ನೇ ಮರಳಿಸಬೇಕಾದ ಕ್ರೈಸ್ತನ ಮನಸ್ಸನ್ನು ಎಂಥದಾಗಿ ತಿದ್ದೀತು ಎಂಬುದು ಅವರ ಕಳವಳ. ಹೆಂಡತಿಯ ಮೇಲೆ ಯಾರಾದರೂ ಎರಗಿದರೆ ಏನು ಮಾಡುವುದು ಎಂಬ ಪ್ರಶ್ನೆಯಿಂದಲೂ ಅವರು ನುಣುಚಿಕೊಳ್ಳಲಿಲ್ಲ. ಇಬ್ಬರೂ ಒಂದೇ ಬೈಬಲ್ ಓದಿದವರು.

ಆಯುಧ ಒಯ್ಯಬೇಕೇ ಎಂಬ ಈ ಪ್ರಶ್ನೆ ಅಮೆರಿಕದ ಬಂದೂಕಿನಂಗಡಿಯಲ್ಲಿ ಬೇರೆ ರೂಪದಲ್ಲಿ ಎದುರಾಗುತ್ತದೆ: ಯಾವುದನ್ನು ಕೊಳ್ಳುವುದು? 1988ರಿಂದ ಮಾರಾಟದಲ್ಲಿರುವ ಗ್ಲಾಕ್ 19ರಲ್ಲಿ 15 ಗುಂಡು ಹಿಡಿಯುತ್ತವೆ. ಕೈಗೆ ಅದು ಚೆನ್ನಾಗಿ ಕೂರುತ್ತದೆ, ಆದರೆ ತೆಳು ಅಂಗಿಯಡಿ ಉಬ್ಬಿ ಕಾಣುತ್ತದೆ. 2018ರಲ್ಲಿ ಬಂದ ಸಿಗ್ ಸಾವರ್ ಪಿ365 ಖಾಲಿಯಿದ್ದಾಗ ಸುಮಾರು ಅರ್ಧ ಕಿಲೋ ತೂಗುತ್ತದೆ. ಅಷ್ಟು ಪುಟ್ಟ ಮೈಯಲ್ಲೂ 10 ಗುಂಡು. ಸರಳವಾದದ್ದೇ ಸಾಕು ಎನ್ನುವವರು ಐದು ಗುಂಡಿನ ಸಣ್ಣ ರಿವಾಲ್ವರನ್ನೇ ಕೊಳ್ಳುತ್ತಾರೆ. ಪಿಸ್ತೂಲು ಚಿಕ್ಕದಾದಷ್ಟೂ ಅಡಗಿಸುವುದು ಸುಲಭ, ಗುರಿಯಿಟ್ಟು ಹೊಡೆಯುವುದು ಕಷ್ಟ. ಹಗುರ ಪಿಸ್ತೂಲು ಕೈಯನ್ನು ಜೋರಾಗಿ ಹಿಂದಕ್ಕೆ ಒದೆಯುತ್ತದೆ, ನಳಿಕೆ ಗಿಡ್ಡವಾದ್ದರಿಂದ ಹಿಂದುಮುಂದಿನ ಗುರಿಗುರುತುಗಳು ಹತ್ತಿರ ಬಂದು, ಗುರಿಯ ಸಣ್ಣ ತಪ್ಪೂ ದೂರದಲ್ಲಿ ದೊಡ್ಡದಾಗುತ್ತದೆ. ತಪ್ಪಿದ ಗುಂಡು ಪಕ್ಕದವರಿಗೆ ತಗಲಬಹುದು. ಹಾಗಾಗಿ ಅಡಗಿಸುವ ಅನುಕೂಲವೊಂದನ್ನೇ ನೋಡಿ ಆರಿಸಿದವನು, ತನಗೆ ಗೊತ್ತಿಲ್ಲದೆಯೇ, ಅಕ್ಕಪಕ್ಕದವರ ಜೀವದ ಬಗ್ಗೆಯೂ ಒಂದು ತೀರ್ಮಾನ ಮಾಡಿರುತ್ತಾನೆ.

ಮುಂದಿನದು ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ. ಅದು ಗಟ್ಟಿಯಾಗಿರಬೇಕು, ಟ್ರಿಗರನ್ನು ಪೂರ್ತಿ ಮುಚ್ಚಬೇಕು ಎನ್ನುತ್ತಾರೆ ತರಬೇತುದಾರರು. ಗುಂಡು ಹಾರಿಸುವುದು ದಾಳಿಯನ್ನು ನಿಲ್ಲಿಸುವುದಕ್ಕೆ, ಕೊಲ್ಲುವುದಕ್ಕಲ್ಲ ಎಂದೂ ಹೇಳಿಕೊಡುತ್ತಾರೆ. ಕೋರ್ಟಿನಲ್ಲಿ ಉಪಯೋಗಕ್ಕೆ ಬರುವ ಈ ಮಾತಿನ ಬೇರು ಬಹಳ ಹಳೆಯದು. 13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್, ಆತ್ಮರಕ್ಷಣೆಯ ಒಂದೇ ಕ್ರಿಯೆಗೆ ಎರಡು ಫಲಗಳಿರಬಹುದು ಎಂದು ವಾದಿಸಿದ: ತನ್ನ ಪ್ರಾಣ ಉಳಿಯುವುದು, ಎದುರಾಳಿಯ ಪ್ರಾಣ ಹೋಗುವುದು. ಮೊದಲನೆಯದಷ್ಟೇ ಉದ್ದೇಶವಾಗಿದ್ದು, ಬಳಸಿದ ಬಲ ಅಗತ್ಯವನ್ನು ಮೀರದಿದ್ದರೆ ಅದು ಪಾಪವಲ್ಲ. ಅವನಿಗಿಂತ ಎಂಟು ಶತಮಾನ ಹಿಂದಿನ ಅಗಸ್ಟೀನ್ ಇಷ್ಟು ಸಡಿಲ ಬಿಟ್ಟಿರಲಿಲ್ಲ. ಸೈನಿಕ ಕೊಲ್ಲಬಹುದು, ಅಧಿಕಾರದಲ್ಲಿರುವವನು ಕೊಲ್ಲಬಹುದು. ಖಾಸಗಿ ಮನುಷ್ಯನೊಬ್ಬ ತನ್ನ ಜೀವ ಉಳಿಸಿಕೊಳ್ಳಲು ಇನ್ನೊಬ್ಬನನ್ನು ಕೊಲ್ಲುವುದು ಅವನಿಗೆ ಒಪ್ಪಿಗೆಯಾಗಲಿಲ್ಲ.

ಅಕ್ವಿನಾಸನ ತರ್ಕ ಹಠಾತ್ತನೆ ಮೇಲೆ ಬಿದ್ದ ಆಪತ್ತಿಗೆ ಸಲೀಸಾಗಿ ಹೊಂದುತ್ತದೆ. ಆದರೆ ತಿಂಗಳುಗಟ್ಟಲೆ ಯೋಚಿಸಿ ಪಿಸ್ತೂಲು ಆರಿಸಿ, ದೇಹದೊಳಗೆ ಹಿಗ್ಗುವ ಗುಂಡುಗಳನ್ನು ತುಂಬಿ, ಎದೆಯ ನಡುಭಾಗಕ್ಕೆ ಗುರಿಯಿಡುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವನು, ಸಾವು ತನ್ನ ಉದ್ದೇಶವೇ ಆಗಿರಲಿಲ್ಲ ಎಂದು ಅಷ್ಟೇ ಸಲೀಸಾಗಿ ಹೇಳಬಹುದೆ?

ಟೆಕ್ಸಸ್‌ನ ವೈಟ್ ಸೆಟಲ್‌ಮೆಂಟ್ ಎಂಬ ಊರು ಈ ಪ್ರಶ್ನೆಯನ್ನು ಆರು ಸೆಕೆಂಡಿನಲ್ಲಿ ಎದುರಿಸಿತು. 2019ರ ಡಿಸೆಂಬರ್ 29ರ ಭಾನುವಾರ, ವೆಸ್ಟ್ ಫ್ರೀವೇ ಚರ್ಚ್ ಆಫ್ ಕ್ರೈಸ್ಟ್‌ನಲ್ಲಿ ಆರಾಧನೆ ನಡೆಯುತ್ತಿದ್ದಾಗ ಒಬ್ಬಾತ ಎದ್ದು ನಿಂತು ಶಾಟ್‌ಗನ್ ತೆಗೆದ. ಭದ್ರತಾ ತಂಡದ ಸದಸ್ಯರೊಬ್ಬರು ತಮ್ಮ ಪಿಸ್ತೂಲು ಹೊರತೆಗೆಯುವ ಪ್ರಯತ್ನದಲ್ಲಿದ್ದಾಗಲೇ ಗುಂಡು ತಗಲಿತು. ಅವರ ಜೊತೆ ಇನ್ನೊಬ್ಬರೂ ಸತ್ತರು. ಅದೇ ತಂಡದ ಜ್ಯಾಕ್ ವಿಲ್ಸನ್ ಹಾರಿಸಿದ ಒಂದೇ ಗುಂಡಿಗೆ ಕೊಲೆಗಾರ ನೆಲಕ್ಕುರುಳಿದ. ಚರ್ಚಿನೊಳಗೆ ಪರವಾನಗಿದಾರರು ಆಯುಧ ಒಯ್ಯಬಹುದೆಂದು ಸ್ಪಷ್ಟಪಡಿಸಿದ ಟೆಕ್ಸಸ್ ಕಾನೂನು ಜಾರಿಗೆ ಬಂದು ಆಗ ನಾಲ್ಕೇ ತಿಂಗಳಾಗಿತ್ತು. 2017ರಲ್ಲಿ ಅದೇ ರಾಜ್ಯದ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ನಡೆದ ಹತ್ಯಾಕಾಂಡ ಯಾರಿಗೂ ಮರೆತಿರಲಿಲ್ಲ. ವಿಲ್ಸನ್ ಅಂದು ಎಷ್ಟೋ ಜೀವ ಉಳಿಸಿದರು. ಅದನ್ನು ಪಾಪವೆನ್ನಲು ಸುಲಭವಾಗಿ ಬಾಯಿ ಬರಲಾರದು.

ಆದರೆ ವಿಲ್ಸನ್ ಆಮೇಲೆ ಆಡಿದ ಮಾತೊಂದಿದೆ. ತಾನು ಕೊಂದದ್ದು ಮನುಷ್ಯನನ್ನಲ್ಲ, ಕೆಡುಕನ್ನು ಎಂಬ ಅರ್ಥದ ಮಾತು. ಅಂಥ ಗಳಿಗೆಯನ್ನು ದಾಟಿ ಬಂದವರು ಮನಸ್ಸು ಉಳಿಸಿಕೊಳ್ಳಲು ಹಾಗೆ ಹೇಳುವುದು ಸಹಜ, ಅದಕ್ಕೆ ಅವರನ್ನು ದೂರುವಂತಿಲ್ಲ. ಆದರೂ ಆ ಮಾತನ್ನು ತತ್ವವಾಗಿ ಒಪ್ಪುವುದು ಅಪಾಯ. ಸತ್ತವನು ಆ ಚರ್ಚಿಗೆ ಅಪರಿಚಿತನಾಗಿರಲಿಲ್ಲ. ಅವನಿಗೆ ಹಿಂದೆ ಹಲವು ಬಾರಿ ಊಟ ಕೊಟ್ಟದ್ದಿತ್ತು, ಹಣ ಮಾತ್ರ ಕೊಟ್ಟಿರಲಿಲ್ಲ ಎಂದು ಅಲ್ಲಿನ ಬೋಧಕರೇ ಹೇಳಿದ್ದಾರೆ. ಊಟ ಕೇಳಿ ಬಂದಾಗ ಮನುಷ್ಯನಾಗಿದ್ದವನು ಬಂದೂಕು ತೆಗೆದಾಗಲೂ ಮನುಷ್ಯನೇ.

ಇಲ್ಲಿ ಜೈನ ಚಿಂತನೆ ಹೆಚ್ಚು ಪ್ರಾಮಾಣಿಕವಾಗಿದೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ ಶ್ರಾವಕನಿಗೆ, ಅಂದರೆ ಜೈನ ಗೃಹಸ್ಥನಿಗೆ, ನಿಷಿದ್ಧ. ಆಕ್ರಮಣವನ್ನು ತಡೆಯುವಾಗಿನ ವಿರೋಧೀ ಹಿಂಸೆಗೆ ಗೃಹಸ್ಥನಿಗೆ ಅವಕಾಶವುಂಟು, ಆದರೆ ಅದನ್ನೂ ಹಿಂಸೆಯೆಂದೇ ಕರೆದರು, ಅಹಿಂಸೆಯ ಲೆಕ್ಕಕ್ಕೆ ಹಾಕಲಿಲ್ಲ. ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ಯುದ್ಧಗಳನ್ನು ಮಾಡಿದವನು. ಅವನು ನಿಲ್ಲಿಸಿದ್ದು ಗೆದ್ದ ಮೇಲೂ ಎಲ್ಲವನ್ನೂ ಬಿಟ್ಟುಹೋದವನ ಮೂರ್ತಿಯನ್ನು. ಯಹೂದಿ ಟಾಲ್ಮಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಲ್ಲಲು ಬೆನ್ನಟ್ಟಿ ಬಂದವನನ್ನು ಕೊಂದಾದರೂ ತಡೆಯಬಹುದು. ಆದರೆ ಕೈಗೋ ಕಾಲಿಗೋ ಹೊಡೆದು ತಡೆಯಲು ಸಾಧ್ಯವಿದ್ದೂ ಕೊಂದವನು ತಪ್ಪಿತಸ್ಥ. ಸಬ್ಬತ್ ದಿನ ಕತ್ತಿ ಕಟ್ಟಿಕೊಂಡು ಹೊರಡಬಹುದೇ ಎಂಬ ಚರ್ಚೆಯೂ ಅವರ ಮಿಷ್ನಾದಲ್ಲಿ ಬರುತ್ತದೆ. ಆಯುಧ ಭೂಷಣ ಎಂದು ಒಬ್ಬ ರಬ್ಬಿ ಹೇಳಿದರೆ, ಉಳಿದ ಪಂಡಿತರು ಅದನ್ನು ನಾಚಿಕೆಗೇಡು ಎಂದರು.

ಮರೆಮಾಡುವುದರ ಪ್ರಶ್ನೆ ಇನ್ನೊಂದು. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಎಲ್ಲರೆದುರು ಪೂಜೆ ಮಾಡುತ್ತಾರೆ. ಯಾರ ಮನೆಯಲ್ಲಿ ಕೋವಿಯಿದೆ ಎಂಬುದು ಊರಿಗೆಲ್ಲ ಗೊತ್ತು. ಸೊಂಟದ ಒಳಗೆ ಬಚ್ಚಿಟ್ಟ ಪಿಸ್ತೂಲು ಹಾಗಲ್ಲ. ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥಿಸುತ್ತಿರುವವನ ಬಳಿ ಅದು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಯಾರ ಬಳಿ ಇದೆ ಎಂದು ಗೊತ್ತಾಗದಿದ್ದರೆ ದಾಳಿಕೋರ ಹಿಂಜರಿದಾನು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಅನುಮಾನ ದಾಳಿಕೋರನೊಬ್ಬನಲ್ಲೇ ನಿಲ್ಲದು, ಸಭೆಯಲ್ಲಿ ಕೂತ ಎಲ್ಲರಿಗೂ ಹಬ್ಬುತ್ತದೆ. ಆಯುಧಧಾರಿಗಳು ಯಾರೆಂಬುದು ಸಭೆಯ ಹಿರಿಯರಿಗಾದರೂ ತಿಳಿದಿರಬೇಕು.

ಪೆನ್ಸಿಲ್ವೇನಿಯಾದ ಆಮಿಶ್ ಜನ ಬೇರೆಯೇ ದಾರಿ ಹಿಡಿದವರು. 2006ರ ಅಕ್ಟೋಬರ್ 2ರಂದು ನಿಕಲ್ ಮೈನ್ಸ್‌ನ ಅವರ ಶಾಲೆಗೆ ನುಗ್ಗಿದವನೊಬ್ಬ ಹತ್ತು ಹುಡುಗಿಯರ ಮೇಲೆ ಗುಂಡು ಹಾರಿಸಿದ, ಐವರು ಸತ್ತರು. ಅಷ್ಟಾದ ಮೇಲೂ ಆಮಿಶ್ ಹಿರಿಯರು ಕೊಲೆಗಾರನ ಮನೆಗೆ ಹೋಗಿ ಅವನ ಹೆಂಡತಿ ಮಕ್ಕಳನ್ನು ಸಂತೈಸಿದರು, ಅವನ ಶವಸಂಸ್ಕಾರಕ್ಕೂ ಹೋದರು. ಅವರಲ್ಲಿ ಜಿಂಕೆ ಬೇಟೆಗೆ ಕೋವಿ ಇಟ್ಟುಕೊಂಡವರಿದ್ದಾರೆ. ಮನುಷ್ಯನೆದುರು ಅದನ್ನು ಎತ್ತುವುದಿಲ್ಲ. ಇದನ್ನು ಎಲ್ಲರ ಮೇಲೆ ಹೇರಲಾಗದು. ತನ್ನ ಪ್ರಾಣವನ್ನು ಬಿಟ್ಟುಕೊಡುವ ಹಕ್ಕು ಮನುಷ್ಯನಿಗೆ ಇದ್ದೀತು, ಪಕ್ಕದ ಮಗುವಿನ ಪ್ರಾಣವನ್ನು ಬಿಟ್ಟುಕೊಡುವ ಹಕ್ಕಿಲ್ಲ. ವಿಲ್ಸನ್ ಅವರ ಗುಂಡಿಗೆ ಸಮರ್ಥನೆ ದೊರೆಯುವುದು ಇಲ್ಲಿಯೇ.

ನಿಜವಾಗಿ ಆತಂಕ ಹುಟ್ಟಿಸುವುದು ಈಗಿನ ಸರಾಗ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಬಹುಪಾಲು ವಯಸ್ಕರಿಗೆ ಕೈಬಂದೂಕು ಒಯ್ಯಲು ಪರವಾನಗಿಯೇ ಬೇಕಿಲ್ಲ. ಅದರೊಂದಿಗೆ ಕಡ್ಡಾಯ ತರಗತಿಯೂ ಗುರಿ ಪರೀಕ್ಷೆಯೂ ಹೋದವು. ನಿಲ್ಲಿಸುವುದಕ್ಕೂ ಕೊಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ಕೇಳಿಸಿಕೊಳ್ಳುವ ಅವಕಾಶ ಅಲ್ಲಾದರೂ ಇತ್ತು. ಅಮೆರಿಕದ ಅರ್ಧಕ್ಕೂ ಹೆಚ್ಚು ರಾಜ್ಯಗಳು ಇಂದು ಇದೇ ದಾರಿಯಲ್ಲಿವೆ.

2021ರಲ್ಲಿ ಆ ದೇಶದಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಜೀವರಕ್ಷಣೆಗೆಂದು ತಂದ ಆಯುಧ ಮನೆಯವರ ಮೇಲೇ ತಿರುಗುವ ಸಾಧ್ಯತೆಯನ್ನು ಅಂಗಡಿಯ ಗಲ್ಲೆಯ ಮುಂದೆ ಯಾರೂ ನೆನೆಯುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ಡಾಲಸ್, ಹ್ಯೂಸ್ಟನ್ ಸುತ್ತ ನೆಲೆಸಿದ ಕನ್ನಡಿಗರಿಗೂ ಈ ಗಲ್ಲೆ ತೆರೆದೇ ಇದೆ. ಹೋಗುವವರು ಪಿಸ್ತೂಲಿನ ಮಾತೆತ್ತುವ ಮೊದಲು, ಬೀಗವಿರುವ ಉಕ್ಕಿನ ಪೆಟ್ಟಿಗೆಯನ್ನೂ ತರಬೇತಿಯನ್ನೂ ಕೇಳಲಿ. ಮನೆಯಲ್ಲಿ ಖಿನ್ನತೆಯಿಂದ ನರಳುವವರಿದ್ದರೆ ಕೊಳ್ಳದೆ ಮರಳಲಿ.